ಬ್ರೈಟನ್ ಒಂದೇ ದಿನದಾಗ ಹೆಂಗ ನೋಡ್ಬೇಕು? ಕಲಬುರಗಿ ಕಡಿಯಿಂದ ಹೋಗೋರಿಗೆ

ನಮ್ ಕಲಬುರಗಿ ಮಂದಿ ಈಗ ಮಕ್ಕಳನ್ನ ನೋಡ್ಲಾಕ ಅಂತ ಲಂಡನ್‌ಗೆ ಹೋಗೋದು ಭಾಳ ಆಗ್ಯದ, ಹೋದೋರು ಒಂದಿನ ಲಂಡನ್ನಿನ ದಕ್ಷಿಣಕ್ಕ ಸಮುದ್ರದ ದಂಡಿ ಮ್ಯಾಲಿರೋ ಬ್ರೈಟನ್‌ಗೂ ಹೋಗ್ತಾರ, ವಾಪಸ್ ಬಂದು "ಏನ್ರಿ, ಬರೇ ಕಲ್ಲು ಅವ, ಉಸುಕೇ ಇಲ್ಲ" ಅಂತಾರ. ಅದು ಖರೇನೇ. ದಂಡಿ ತುಂಬ ಚಕಮಕಿ ಕಲ್ಲು, ನೀರು ಬ್ಯಾಸಗಿ ಒಳಗೂ ಥಂಡಿ, ಶಹಾಬಾದ್ ಕಲ್ಲಿನ ಮ್ಯಾಲೆ ಬರಿಗಾಲಿಲೆ ಓಡಾಡಿ ಬೆಳದ ನಮ್ ಕಾಕಾನೇ ಎರಡು ಹೆಜ್ಜಿ ಇಟ್ಟು "ಯಪ್ಪಾ" ಅಂತ ಚಪ್ಲಿ ಹಾಕ್ಕೊಂಡ. ಸಮುದ್ರ ಬೇಕಂದ್ರ ಗೋವಾಕ್ಕ ಹೋಗ್ರಿ. ಬ್ರೈಟನ್‌ಗೆ ಹೋಗೋದು ಊರು ನೋಡ್ಲಾಕ, ಆ ಊರಾಗ ನಮ್ ದೇಶದೋರ ಗುರ್ತು ಎಲ್ಲೆಲ್ಲಿ ಅವ ಅಂತ ಹುಡುಕ್ಲಾಕ. ಕಾಕಾ ಕಾಕಿನ ನಾನು ಹೆಂಗ ತಿರುಗಿಸಿದ್ನೋ ಅದೇ ಹೇಳ್ತೀನಿ.

ಲಂಡನ್ ವಿಕ್ಟೋರಿಯಾ ಸ್ಟೇಷನ್‌ನಾಗ ಟ್ರೇನ್ ಹತ್ರಿ, ಒಂದು ತಾಸಿನ ದಾರಿ. ಮುಂಜಾನಿ ಆಫೀಸ್ ಗದ್ದಲ ಮುಗಿದ ಮ್ಯಾಲಿನ ಆಫ್‌ಪೀಕ್ ಟಿಕೆಟ್ ತಗೊಂಡ್ರ ರೊಕ್ಕ ಉಳೀತದ. ಈ ಲೈನ್ 1841ರಾಗ ಬಂತು. ಅದಕ್ಕಿಂತ ಮೊದಲು ಕುದುರಿ ಗಾಡಿ ಒಳಗ ಐದಾರು ತಾಸು ಕುಂಡ್ರಬೇಕಿತ್ತು, ಹಿಂಗಾಗಿ ರೊಕ್ಕ ಇದ್ದೋರಷ್ಟೇ ಬರ್ತಿದ್ರು, ರೈಲು ಬಂದಮ್ಯಾಲೆ ಲಂಡನ್ನಿನ ದುಡಿಯೋ ಮಂದಿನೂ ಸೂಟಿ ದಿನ ಬುತ್ತಿ ಕಟ್ಕೊಂಡು ಬರ್ಲಾಕತ್ರು.

ಸ್ಟೇಷನ್ ಇಳಿದ ಕೂಡ್ಲೇ ಎಲ್ಲಾರೂ ನೆಟ್ಟಗ ಸಮುದ್ರದ ಕಡಿ ಇಳೀತಾರ. ನೀವು ಸ್ವಲ್ಪ ಬಲಕ್ಕ ಹೊರಳಿ ಸೇಂಟ್ ನಿಕೋಲಸ್ ಚರ್ಚಿಗೆ ಹೋಗ್ರಿ, ಫುಕಟ್. ಅಲ್ಲಿ ಎರಡು ಗೋರಿ ಹುಡುಕ್ರಿ. ಮೊದಲನೇದು ಮಾರ್ಥಾ ಗನ್ ಅನ್ನಾಕಿದು. ಈ ಊರು ಮೊದಲು ಮೀನ ಹಿಡಿಯೋರ ಹಳ್ಳಿ, ಹೆಸರು ಬ್ರೈಟ್‌ಹೆಲ್ಮ್‌ಸ್ಟನ್. 1750ರಾಗ ರಿಚರ್ಡ್ ರಸೆಲ್ ಅನ್ನೋ ಡಾಕ್ಟರ್ ಸಮುದ್ರದ ನೀರು ಮೈಯಾಗಿನ ಗ್ರಂಥಿ ರೋಗಕ್ಕ ಔಷಧ ಅಂತ ಲ್ಯಾಟಿನ್‌ನಾಗ ಪುಸ್ತಕ ಬರದ. ಮುಳುಗೋದಷ್ಟೇ ಅಲ್ಲ, ಆ ಉಪ್ಪು ನೀರು ಕುಡೀರಿ ಅಂತಿದ್ದ! ಸಾಹುಕಾರ ಮಂದಿ ನಂಬಿ ಬಂದ್ರು. ಕುದುರಿ ಕಟ್ಟಿದ ಕಟ್ಟಿಗಿ ಡಬ್ಬಿ ನೀರಾಗ ಇಳಿಸೋದು, ಮಾರ್ಥಾನಂಥ ಗಟ್ಟಿ ಹೆಣಮಕ್ಕಳು ಬಂದೋರನ್ನ ಹಿಡಿದು ಮುಳುಗಿಸಿ ಎಬ್ಬಿಸೋದು. ಕಾಕಿ ಕೇಳಿ "ಗಾಣಗಾಪುರ ಸಂಗಮದಾಗ ನಾವೇ ಮುಳುಗ್ತೀವಿ, ಇವರಿಗೆ ಒಬ್ಬಾಕಿ ಬೇಕಾಗಿತ್ತೇನು" ಅಂದ್ಲು.

ಎರಡನೇ ಗೋರಿ ಶೇಖ್ ದೀನ್ ಮಹಮದ್‌ದು. ಇದನ್ನ ತಪ್ಪಿಸಬ್ಯಾಡ್ರಿ. ರಸೆಲ್ ಸತ್ತಿದ್ದು 1759, ಈತ ಪಟ್ನಾದಾಗ ಹುಟ್ಟಿದ್ದೂ ಅದೇ ವರ್ಷ. ಈಸ್ಟ್ ಇಂಡಿಯಾ ಕಂಪನಿ ಫೌಜಿನಾಗಿದ್ದು, ಆಮ್ಯಾಲೆ ಐರ್ಲೆಂಡ್‌ಗೆ ಹೋಗಿ 1794ರಾಗ ಇಂಗ್ಲಿಷ್ ಪುಸ್ತಕ ಬರದ, ಲಂಡನ್‌ನಾಗ ಹಿಂದೂಸ್ತಾನಿ ಊಟದ ಹೋಟೆಲ್ ಇಟ್ಟು ಲುಕ್ಸಾನ್ ಮಾಡ್ಕೊಂಡ, ಕೊನಿಗೆ ಬ್ರೈಟನ್ನಾಗ ನಸೀಬು ಖುಲಾಯಿಸ್ತು. ಮಾಡಿದ್ದೇನು? ಚಂಪಿ. ಗಿರಾಕಿನ ಬಟ್ಟಿ ಡೇರೆ ಒಳಗ ಕುಂಡ್ರಿಸಿ ಸೊಪ್ಪಿನ ಉಗಿ ಬಿಡೋದು, ಡೇರೆಗೆ ತೋಳು ಹೊಲಿದಿರ್ತಿದ್ರು, ಹೊರಗ ನಿಂತೋನು ಆ ತೋಳಿನಾಗ ಕೈ ತೂರಿಸಿ ಮೈ ತಿಕ್ಕೋದು. ಶಾಂಪೂ ಅನ್ನೋ ಮಾತು ಇಂಗ್ಲಿಷಿಗೆ ಹೋಗಿದ್ದೇ ನಮ್ ಚಂಪಿಯಿಂದ. ಇಬ್ಬರು ರಾಜರು, ನಾಲ್ಕನೇ ಜಾರ್ಜ್ ಮತ್ತ ನಾಲ್ಕನೇ ವಿಲಿಯಂ, ಈತನ್ನ ಆಸ್ಥಾನದ ಶಾಂಪೂ ಸರ್ಜನ್ ಅಂತ ಇಟ್ಕೊಂಡಿದ್ರು.

ಆ ನಾಲ್ಕನೇ ಜಾರ್ಜ್ ಕಟ್ಟಿಸಿದ್ದೇ ರಾಯಲ್ ಪೆವಿಲಿಯನ್ ಅನ್ನೋ ಅರಮನಿ, ಚರ್ಚಿನಿಂದ ಕೆಳಗಿಳಿದ್ರ ಸಿಗ್ತದ. ಯುವರಾಜ ಇದ್ದಾಗ 1783ರಾಗ ಮೊದಲನೇ ಸಲ ಬಂದ, ಊರು ಮನಸ್ಸಿಗೆ ಹತ್ತಿ ಮನಿ ಮಾಡಿದ, 1815ರಿಂದ 1823ರ ತನ ಜಾನ್ ನ್ಯಾಶ್ ಅನ್ನೋ ವಾಸ್ತುಶಿಲ್ಪಿ ಕಡಿಯಿಂದ ಅದರ ಮ್ಯಾಲೆ ಗುಮ್ಮಟ ಕಟ್ಟಿಸಿದ. ನೋಡಿದ್ರ ನಗು ಬರ್ತದ ರೀ, ಗುಲ್ಬರ್ಗಾ ಕ್ವಾಟಿ, ಹಫ್ತ್ ಗುಂಬಜ್ ನೋಡಿ ಬೆಳದ ಕಣ್ಣಿಗೆ ಇದು ಲಗ್ನದ ಮಂಟಪ ಕಂಡಂಗ ಕಾಣ್ತದ. 1367ರ ನಮ್ ಜಾಮಾ ಮಸೀದಿ ಗುಮ್ಮಟ ಕಲ್ಲು ಗಾರೆ ಮ್ಯಾಲೆ ನಿಂತಾವ, ಇಲ್ಲಿ ದೊಡ್ಡ ಗುಮ್ಮಟದ ಒಳಗ ಕಬ್ಬಿಣದ ಹಂದರ. ಹೊರಗ ಹಿಂದೂಸ್ತಾನದ ಶೈಲಿ, ಒಳಗ ಚೀನಾದ್ದು! ಟಿಕೆಟ್ ತುಟ್ಟಿ ಆದ್ರೂ ಒಳಗ ಹೋಗ್ರಿ, ಅಡಗಿ ಮನಿ ಕಂಬ ತಾಳಿ ಮರದಂಗ ಮಾಡ್ಯಾರ. ವಿಕ್ಟೋರಿಯಾ ರಾಣಿಗೆ ಮಾತ್ರ ಈ ಊರಿನ ಮಂದಿ ಗದ್ದಲ ಸೇರಲಿಲ್ಲ, 1850ರಾಗ ಊರೋರೇ ಅರಮನಿ ಖರೀದಿ ಮಾಡಿದ್ರು.

ಒಳಗ ದವಾಖಾನಿ ಕಾಲದ ಫೋಟೋ ನಿಂತು ನೋಡ್ರಿ. ಮೊದಲನೇ ಮಹಾಯುದ್ಧದಾಗ, 1914ರ ಡಿಸೆಂಬರ್‌ನಿಂದ ಒಂದು ವರ್ಷದ ಮ್ಯಾಲೆ, ಈ ಅರಮನಿನೇ ದವಾಖಾನಿ ಮಾಡಿ ಗಾಯ ಆದ ನಮ್ ಸಿಪಾಯಿಗಳನ್ನ ಇಟ್ಟಿದ್ರು. ಧರ್ಮ, ಜಾತಿ ನೋಡಿ ಒಂಬತ್ತು ಅಡಗಿ ಮನಿ, ಹಿಂದೂಗಳಿಗೆ ಬ್ಯಾರೆ ನಳ, ಮುಸಲ್ಮಾನರಿಗೆ ಬ್ಯಾರೆ ನಳ. ಕಾಕಾ ಇಲ್ಲಿ ಮಾತಾಡ್ಲಿಲ್ಲ, ಭಾಳೊತ್ತು ಫೋಟೋ ನೋಡ್ಕೋತ ನಿಂತ. ಸತ್ತೋರಾಗ 53 ಮಂದಿ ಹಿಂದೂ, ಸಿಖ್ಖರನ್ನ ಊರ ಹೊರಗಿನ ಗುಡ್ಡದ ಮ್ಯಾಲೆ ಸುಟ್ರು, ಅಲ್ಲಿ 1921ರಾಗ ಬಿಳಿ ಅಮೃತಶಿಲೆ ಛತ್ರಿ ಕಟ್ಯಾರ. ಅಲ್ಲಿಗೆ ಹೋಗ್ಬೇಕಂದ್ರ ಬಸ್ ಇಳಿದು ಗುಡ್ಡ ಹತ್ತಬೇಕು, ಮೊಣಕಾಲು ಗಟ್ಟಿ ಇದ್ದೋರು ಅಷ್ಟೇ. ಆಗಲ್ಲಂದ್ರ ಪೆವಿಲಿಯನ್ ದಕ್ಷಿಣ ಬಾಗಿಲಾಗ ಅದೇ ವರ್ಷದ ಇಂಡಿಯಾ ಗೇಟ್ ಅದ, ನಮ್ಮೋರೇ ಕೊಟ್ಟಿದ್ದು.

ಪಿಯರ್ ಅಂದ್ರ ದಂಡಿಯಿಂದ ಸಮುದ್ರದೊಳಗ ಚಾಚಿದ ಸೇತುವೆಯಂಥ ಕಟ್ಟಡ. ಪ್ಯಾಲೇಸ್ ಪಿಯರ್, 1899ರದ್ದು, ಅರ್ಧ ತಾಸು ಸಾಕು, ಜಾತ್ರಿ ತೊಟ್ಲು ಆಟ ನಮ್ ಶರಣಬಸವೇಶ್ವರ ಅಪ್ಪನ ಜಾತ್ರಿ ಒಳಗೂ ಅವ. ನನಗ ಹಿಡಿಸಿದ್ದು 1866ರ ವೆಸ್ಟ್ ಪಿಯರ್, 1975ರಾಗ ಬಂದ್ ಮಾಡಿದ್ರು, 2003ರಾಗ ಬೆಂಕಿ ಬಿತ್ತು, ಈಗ ನೀರಾಗ ಬರೇ ಕಬ್ಬಿಣದ ಎಲುಬು. ಬ್ಯಾಸಗಿ ಆದ್ರ 1883ರಿಂದ ಇರೋ ವೋಕ್ಸ್ ಕರೆಂಟ್ ರೈಲಿನಾಗೂ ಕುಂಡ್ರಿ.

ಬುತ್ತಿ ದಂಡಿ ಮ್ಯಾಲೆ ಬಿಚ್ಚಬ್ಯಾಡ್ರಿ. ಅಲ್ಲಿ ಸೀಗಲ್ ಹಕ್ಕಿ ಕೋಳಿಕಿಂತ ದೊಡ್ಡವು, ಅಂಜಿಕಿ ಇಲ್ಲ. ಕಾಕಿ ಕಲಬುರಗಿಯಿಂದ ಜ್ವಾಕಿಲೆ ತಂದಿದ್ದ ಶೇಂಗಾ ಹೋಳಗಿ ಬಾಯಿ ತನ ಬಂದಿತ್ತು, ಹಿಂದಿಂದ ಬಂದು ಇಡೀ ಹೋಳಗಿನೇ ಒಯ್ತು. ಪೆವಿಲಿಯನ್ ತ್ವಾಟದಾಗ ಮರದ ಬುಡಕ ಕುಂತು ಉಣ್ರಿ, ಆದ್ರೂ ಡಬ್ಬಿ ಮುಚ್ಚಳ ಕೈಯಾಗೇ ಇರ್ಲಿ.