ವಿಂಡೋದೊಳಗಿನ ಕಣ್ಣು: ಇಂಗ್ಲಿಷ್ ಪದದ ಬೇರು ಹುಡುಕುವ ಬಗೆ

ದಾವಣಗೆರೆಯ ನಿಟುವಳ್ಳಿಯಲ್ಲಿ ನಮ್ಮ ಮನೆ. ಸಂಜೆ ಹತ್ತನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. 'ವಿಂಡೋ ಅಂದರೆ ಕಿಟಕಿ' ಎಂದು ಬರೆದು ಮುಂದಿನ ಪದಕ್ಕೆ ಓಡುವವರನ್ನು ಅಲ್ಲೇ ನಿಲ್ಲಿಸುತ್ತೇನೆ. ಅರ್ಥ ಗೊತ್ತಾಯಿತು, ಸರಿ. ಪದ ಎಲ್ಲಿಂದ ಬಂತು ಅಂತ ನೋಡಬೇಕಲ್ವಾ?

ಅದಕ್ಕೆ ದೊಡ್ಡ ಡಿಕ್ಷನರಿಯೇ ಬೇಕು. ಅರ್ಥಗಳೆಲ್ಲ ಮುಗಿದ ಮೇಲೆ ಸಣ್ಣದಾಗಿ ಒಂದೆರಡು ಸಾಲು ಇರುತ್ತವೆ, ಕೆಲವದರಲ್ಲಿ ಮೊದಲಿಗೇ ಇರುತ್ತವೆ. ಜಾಸ್ತಿ ಜನ ಓದದೇ ಬಿಡುವುದು ಅದನ್ನೇ. 'ಎಲ್' ಅಂತಿದ್ದರೆ ಲ್ಯಾಟಿನ್, 'ಓಎನ್' ಅಂತಿದ್ದರೆ ಹಳೆಯ ನಾರ್ಸ್, ಅಂದರೆ ಉತ್ತರ ಯುರೋಪಿನ ಸ್ಕ್ಯಾಂಡಿನೇವಿಯಾದ ಹಳೆಯ ಭಾಷೆ.

ವಿಂಡೋ ಹಳೆಯ ನಾರ್ಸ್‌ನದು. ಮೂಲ ರೂಪ 'ವಿಂಡೌಗ'. ಇದನ್ನು ಬಿಡಿಸಿ. ಮೊದಲ ತುಂಡು ಗಾಳಿ, 'ಔಗ' ಅಂದರೆ ಕಣ್ಣು. ಗಾಳಿಗಣ್ಣು! ಸ್ಕ್ಯಾಂಡಿನೇವಿಯಾದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದವರ ಮಾತು ಇದು. ಇಂಗ್ಲಿಷಿಗೆ ಸೇರಿ ಸುಮಾರು 800 ವರ್ಷ ಆಯಿತು.

ಆಮೇಲೆ ನಮ್ಮ ಮಾತಿನಲ್ಲಿ ಇದಕ್ಕೆ ಜೋಡಿ ಇದೆಯೇ ನೋಡಿ. ನನಗೆ ಇಷ್ಟವಾದ ಹೆಜ್ಜೆ ಇದು. ಆನಗೋಡಿನಲ್ಲಿ ನಮ್ಮಜ್ಜಿಯದು ಮಣ್ಣಿನ ಮಾಳಿಗೆ ಮನೆ. ಅಡುಗೆಮನೆಯ ಮೇಲೆ ಗವಾಕ್ಷಿ ಇತ್ತು. ಒಲೆಯ ಹೊಗೆ ಅದರಿಂದ ಮೇಲಕ್ಕೆ ಹೋಗುತ್ತಿತ್ತು, ಬಿಸಿಲು ಕೋಲಿನ ಹಾಗೆ ಕೆಳಕ್ಕೆ ಇಳಿಯುತ್ತಿತ್ತು. ಮೋಡ ಕಟ್ಟಿದರೆ "ಗವಾಕ್ಷಿ ಮುಚ್ಚೇ, ಮಳೆ ಬಂತು" ಅಂತ ಅಜ್ಜಿ ಕೂಗುತ್ತಿದ್ದರು. ನಾನು ಮಾಳಿಗೆ ಹತ್ತಿ ತಗಡು ಎಳೆದು ಬರುತ್ತಿದ್ದೆ. ಗವ ಅಂದರೆ ಹಸು, ಅಕ್ಷಿ ಅಂದರೆ ಕಣ್ಣು. ಅವರಿಗೆ ಗಾಳಿಯ ಕಣ್ಣು, ನಮಗೆ ಹಸುವಿನ ಕಣ್ಣು. ಇದನ್ನು ಹೇಳಿದ ಮೇಲೆ ಯಾವ ಮಗುವೂ ವಿಂಡೋ ಮರೆತಿಲ್ಲ.

ಒಂದು ಎಚ್ಚರಿಕೆ. ಕಥೆ ಚೆನ್ನಾಗಿದೆ ಅಂತ ಸುಮ್ನೆ ನಂಬಬೇಡಿ. 'ಸ್ಯಾಲರಿ'ಯ ಬೇರು ಲ್ಯಾಟಿನ್‌ನ ಉಪ್ಪಿನ ಪದದಲ್ಲಿದೆ, ಅದು ನಿಜ. ಆದರೆ ರೋಮಿನ ಸೈನಿಕರಿಗೆ ಸಂಬಳವಾಗಿ ಉಪ್ಪನ್ನೇ ಅಳೆದು ಕೊಡುತ್ತಿದ್ದರು ಎನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಎರಡು ಡಿಕ್ಷನರಿಯಲ್ಲಾದರೂ ನೋಡಿ.

ಕೊನೆಗೆ ನೋಟ್‌ಬುಕ್ಕಿನಲ್ಲಿ ಪದ, ಅದರ ತುಂಡುಗಳು, ನಮ್ಮ ಜೋಡಿ ಪದ, ನಿಮ್ಮದೇ ಒಂದು ವಾಕ್ಯ ಬರೆಯಿರಿ. ದಿನಕ್ಕೆ ಒಂದೇ ಪದ ಸಾಕು.

ಹೋದ ವಾರ ಒಬ್ಬಳು ಹುಡುಗಿ ತಾನೇ 'ಡೇಸಿ' ಹುಡುಕಿಕೊಂಡು ಬಂದಳು. ಬೆಳಿಗ್ಗೆ ಅರಳಿ ಸಂಜೆ ಮುಚ್ಚಿಕೊಳ್ಳುವ ಹೂವು. ಹಳೆಯ ಇಂಗ್ಲಿಷಿನಲ್ಲಿ ಅದರ ಹೆಸರಿನ ಅರ್ಥ 'ಹಗಲಿನ ಕಣ್ಣು'. ಚಪ್ಪಲಿ ಬಿಡುವ ಮೊದಲೇ ನೋಟ್‌ಬುಕ್ ಚಾಚಿದಳು: "ಮಿಸ್, ಇದರಲ್ಲೂ ಕಣ್ಣಿದೆ!"