ಪಾಠ ಮಾಡುವವರನ್ನು ಕೊನೆಯ ಬೆಂಚಿನಲ್ಲಿ ಕೂರಿಸಿದ್ದು

ಮೇಷ್ಟರುಗಳಿಗೆ ಪಾಠ ಮಾಡುವುದಕ್ಕಿಂತ ಕಷ್ಟದ ಕೆಲಸವನ್ನು ನಾನು ಕಂಡಿಲ್ಲ. ವಿದ್ಯಾರ್ಥಿ ಕಿಟಕಿಯಾಚೆ ನೋಡಿದರೆ ಗದರಬಹುದು. ಇಪ್ಪತ್ತು ವರ್ಷ ಸರ್ವೀಸಾದ ಸಹೋದ್ಯೋಗಿ ಮೊಬೈಲ್ ನೋಡುತ್ತ ಕುಳಿತರೆ ಏನೂ ಹೇಳುವಂತಿಲ್ಲ. ನಾನು ರಸಾಯನಶಾಸ್ತ್ರದವಳು. ಮೈಸೂರಿನಲ್ಲಿ ಅಧ್ಯಾಪಕರ ತರಬೇತಿಯ ಹೊಣೆ ತಲೆಗೆ ಬಂದಾಗ ಎಲ್ಲರೂ ಮಾಡುವುದನ್ನೇ ಮಾಡಿದೆ: ಸಭಾಂಗಣ, ಪ್ರೊಜೆಕ್ಟರ್, ‘ಪರಿಣಾಮಕಾರಿ ಬೋಧನೆ’ ಎಂಬ ಹೆಸರಿನಲ್ಲಿ ಎರಡು ಗಂಟೆಯ ತೂಕಡಿಕೆ. ಬಂದವರಿಗೆ ಬಡ್ತಿಗೆ ಬೇಕಾದ ಪ್ರಮಾಣಪತ್ರ ಸಿಕ್ಕಿತು, ನನಗೆ ತಲೆನೋವು.

ಮಾನಸಗಂಗೋತ್ರಿಯ ರಸ್ತೆಯಲ್ಲಿ ನಡೆಯುತ್ತಿದ್ದಾಗ ಒಂದು ಸಂಗತಿ ಕಾಡತೊಡಗಿತು. 1960ರಲ್ಲಿ ಆರಂಭವಾದ ಈ ವಿಶ್ವವಿದ್ಯಾನಿಲಯದ ಆವರಣಕ್ಕೆ ಹೆಸರಿಟ್ಟವರು ಕುವೆಂಪು. ಒಂದೇ ಗಂಗೋತ್ರಿ ಎಂದರೂ ಒಳಗೆ ಹತ್ತಾರು ದ್ವೀಪಗಳಿವೆ. ಭಾಷಾ ವಿಭಾಗದವರು ಸಸ್ಯಶಾಸ್ತ್ರದ ಪ್ರಯೋಗಾಲಯದ ಹೊಸಿಲು ದಾಟಿದ್ದಿಲ್ಲ. ನಾನೇ ಜಾನಪದ ವಸ್ತುಸಂಗ್ರಹಾಲಯವಿರುವ ಜಯಲಕ್ಷ್ಮೀವಿಲಾಸದ ಒಳಗೆ ಹೋಗಿದ್ದು ಊರಿನಿಂದ ನೆಂಟರು ಬಂದಾಗ ಮಾತ್ರ. ಬೇರೆಯವರು ಹೇಗೆ ಕಲಿಸುತ್ತಾರೆಂದು ಒಂದು ಸಲವೂ ನೋಡದೆಯೇ ನಮ್ಮಲ್ಲಿ ಬಹಳಷ್ಟು ಮಂದಿ ನಿವೃತ್ತರಾಗುತ್ತೇವೆ.

ಸರಿ, ಎಲ್ಲರನ್ನೂ ಕರೆದುಕೊಂಡು ಹೋಗೋಣವೆಂದು ಮೊದಲ ಸಲ ಒಂದು ಬಸ್ ಮಾಡಿದೆ. 32 ಜನ, ಒಂದು ದಿನ, ಐದು ಜಾಗ. ಅದು ಪಿಕ್‌ನಿಕ್ ಆಯಿತು. ಹೋದಲ್ಲೆಲ್ಲ ಅಲ್ಲಿನ ಮುಖ್ಯಸ್ಥರು ಸ್ವಾಗತ ಭಾಷಣ ಮಾಡಿದರು, ನಮ್ಮವರು ಫೋಟೊ ತೆಗೆಸಿಕೊಂಡರು. ಸಂಜೆ ‘ಏನು ಕಲಿತಿರಿ’ ಎಂದು ಕೇಳಿದರೆ ಊಟ ಚೆನ್ನಾಗಿತ್ತು ಎಂಬುದರಲ್ಲಿ ಮಾತ್ರ ಒಮ್ಮತವಿತ್ತು.

ಎರಡನೆಯ ಸಲ ಎಲ್ಲವನ್ನೂ ಕುಗ್ಗಿಸಿದೆ. ನಾಲ್ಕೇ ಜನ, ಒಂದೇ ಜಾಗ, ಒಂದೂವರೆ ಗಂಟೆ. ಕೈಗೊಂದು ಹಾಳೆ, ನಡುವೆ ಒಂದು ಗೆರೆ: ಎಡಗಡೆ ‘ಕಂಡದ್ದು’, ಬಲಗಡೆ ‘ಅನಿಸಿದ್ದು’. ಮೊದಲ ಅರ್ಧ ಗಂಟೆ ಪ್ರಶ್ನೆ ಕೇಳುವಂತಿಲ್ಲ, ‘ನಮ್ಮ ವಿಭಾಗದಲ್ಲಿ’ ಎಂದು ಬಾಯಿ ತೆರೆಯುವಂತಿಲ್ಲ. ಯಾರನ್ನೂ ಅವರ ವಿಷಯದ ಹತ್ತಿರಕ್ಕೆ ಕಳಿಸಲಿಲ್ಲ. ಈ ಕೊನೆಯ ನಿಯಮಕ್ಕೆ ಬಂದ ಆಕ್ಷೇಪಣೆಗಳನ್ನು ಬರೆದರೆ ಅದೇ ಒಂದು ಪ್ರಬಂಧವಾದೀತು.

ಸಂಖ್ಯಾಶಾಸ್ತ್ರದ ಒಬ್ಬರನ್ನು ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಕಳಿಸಿದೆ. 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಸಿಕ್ಕ ಜಾಗ ಅದು. ನನಗೆ ಬೇಕಾಗಿದ್ದುದು ಆ ಇತಿಹಾಸವಲ್ಲ, ಅಲ್ಲಿನ ಕೈಗೆಲಸ. ಗರಿಯ ಮೇಲೆ ಕಂಟವೆಂಬ ಮೊನಚು ಕಡ್ಡಿಯಿಂದ ಕೊರೆದ ಅಕ್ಷರ ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಮಸಿ ಹಚ್ಚಿ ಒರೆಸಿದರೆ ಗೀರಿನಲ್ಲಿ ಕಪ್ಪು ಉಳಿದು ಸಾಲು ಎದ್ದು ನಿಲ್ಲುತ್ತದೆ. ಹುಳು ಹಿಡಿಯದಂತೆ, ಗರಿ ಒಣಗಿ ಮುರಿಯದಂತೆ ಮಜ್ಜಿಗೆ ಹುಲ್ಲಿನ ಎಣ್ಣೆ ಸವರುತ್ತಾರೆ. ಕೆಲಸ ಮಾಡುತ್ತಿದ್ದವರು ನಮ್ಮ ಪ್ರೊಫೆಸರರ ಕೈಗೆ ಬರಹವಿಲ್ಲದ ಒಂದು ಖಾಲಿ ಗರಿ ಕೊಟ್ಟು ಎಣ್ಣೆ ಹಚ್ಚಲು ಹೇಳಿದರಂತೆ. ಇವರು ಅದನ್ನು ನಡುವೆ ಹಿಡಿದರು. ಗರಿ ಬಾಗಿತು. ಅವರು ಏನೂ ಹೇಳದೆ ಇವರ ಹೆಬ್ಬೆರಳನ್ನು ಮೆಲ್ಲಗೆ ಅಂಚಿಗೆ ಸರಿಸಿ, ಮತ್ತೆ ತಮ್ಮ ಕೆಲಸಕ್ಕೆ ತಿರುಗಿಕೊಂಡರು. ಹಾಳೆಯ ಎಡಗಡೆ ಇದ್ದದ್ದು ಒಂದೇ ಸಾಲು: ‘ಗರಿಯನ್ನು ನನ್ನ ಕೈಯಿಂದ ಕಿತ್ತುಕೊಳ್ಳಲಿಲ್ಲ.’ ಬಲಗಡೆ: ‘ನಾನಾಗಿದ್ದರೆ ಕಿತ್ತುಕೊಳ್ಳುತ್ತಿದ್ದೆ.’ ಕಂಪ್ಯೂಟರ್ ಲ್ಯಾಬಿನಲ್ಲಿ ಹುಡುಗರು ತಡವರಿಸಿದರೆ ಸಾಕು, ಇವರು ಮೌಸ್ ಕಿತ್ತುಕೊಂಡು ತಾವೇ ಮಾಡಿ ತೋರಿಸುತ್ತಿದ್ದರು. ಈಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಓಡಾಡುತ್ತಾರೆ. ಕಷ್ಟವಾಗುತ್ತದೆಯಂತೆ.

ಹೆಚ್ಚು ಮುಜುಗರ ಮಾಡಿದ್ದು ಶಾಲೆ. 1963ರಲ್ಲಿ ಶುರುವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಆವರಣದಲ್ಲೇ, ಡಿಎಂಎಸ್ ಎಂದು ಊರಿಗೆಲ್ಲ ಗೊತ್ತಿರುವ ಡೆಮಾನ್‌ಸ್ಟ್ರೇಷನ್ ಶಾಲೆ ಇದೆ. ಹೈಸ್ಕೂಲಿನಲ್ಲಿ ಪಾಠ ಹೇಳಲು ಬಿ.ಎಡ್. ಬೇಕು. ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಲು ಎನ್‌ಇಟಿ ಎಂಬ ಅರ್ಹತಾ ಪರೀಕ್ಷೆ ಅಥವಾ ಪಿಎಚ್.ಡಿ. ಇದ್ದರಾಯಿತು, ಕಲಿಸುವುದನ್ನು ಕಲಿತಿದ್ದೀರಾ ಎಂದು ಯಾರೂ ಕೇಳುವುದಿಲ್ಲ. ಹಾಗಾಗಿ ಶಾಲೆಗೆ ಹೋಗಿ ನೋಡಿ ಎಂದರೆ ನಮ್ಮವರಿಗೆ ಅವಮಾನ. ಅರ್ಥಶಾಸ್ತ್ರದ ಹಿರಿಯರೊಬ್ಬರು ‘ಏಳನೇ ಕ್ಲಾಸಿಗೆ ಹೋಗಿ ನಾನೇನು ಮಾಡಲಿ ಮೇಡಂ?’ ಎಂದರು. ಕೂತು ಬನ್ನಿ ಸರ್, ಸಾಕು ಎಂದೆ.

ಮೊಣಕಾಲು ತಾಗುವ ಪುಟ್ಟ ಬೆಂಚಿನಲ್ಲಿ ಕುಳಿತು, ಬೇಸರ ಕಳೆಯಲು ಅವರು ಗಡಿಯಾರ ನೋಡತೊಡಗಿದರು. ಪಾಠ ಮಾಡುತ್ತಿದ್ದವಳು ಇನ್ನೂ ತರಬೇತಿಯಲ್ಲಿದ್ದ ಹುಡುಗಿ. ಒಂದು ಪ್ರಶ್ನೆ ಕೇಳಿ ಸುಮ್ಮನೆ ನಿಂತಳು. ಏಳು ಸೆಕೆಂಡು. ಐದನೆಯ ಸೆಕೆಂಡಿಗೆ ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು, ಏಳಕ್ಕೆ ಇನ್ನೂ ಮೂರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಮೂರು ಸೆಕೆಂಡು ಕಾದರೂ ಉತ್ತರಗಳು ಉದ್ದವಾಗುತ್ತವೆ ಎಂದು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಇದನ್ನು ನಾನು ಸಭಾಂಗಣದಲ್ಲಿ ಸ್ಲೈಡ್ ಹಾಕಿ ಹೇಳಿದ್ದೆ. ಆ ಹಿರಿಯರೂ ಅಲ್ಲೇ ಇದ್ದರು. ಶಾಲೆಯಿಂದ ಬಂದ ಮರುವಾರ ತಮ್ಮ ತರಗತಿಗೆ ನನ್ನನ್ನೇ ಕರೆದು ಎಣಿಸಲು ಹೇಳಿದರು. ಎಣಿಸುವುದಕ್ಕೆ ಏನೂ ಇರಲಿಲ್ಲ. ಪ್ರಶ್ನೆಯ ಬೆನ್ನಿಗೇ ಉತ್ತರವನ್ನೂ ಅವರೇ ಹೇಳಿಬಿಡುತ್ತಿದ್ದರು.

ಎಡವಿದ್ದೂ ಉಂಟು. ಒಂದು ಸಂಸ್ಥೆಗೆ ಕಳಿಸಿದ ಅನುಮತಿ ಪತ್ರ ಮೂರು ವಾರ ಯಾವುದೋ ಮೇಜಿನ ಮೇಲೆ ಮಲಗಿತ್ತು. ನಾಲ್ವರು ಡಾಕ್ಟರೇಟುಗಳನ್ನು ಗೇಟಿನಲ್ಲೇ ನಿಲ್ಲಿಸಿ ವಾಪಸು ಕಳಿಸಿದರು. ಅಂದಿನಿಂದ ಪತ್ರವನ್ನು ನಾನೇ ಒಯ್ಯುತ್ತೇನೆ, ಮುಖ್ಯಸ್ಥರ ಜೊತೆಗೆ ಕಾವಲುಗಾರರಿಗೂ ಒಂದು ಪ್ರತಿ. ವರದಿ ಬರೆಸುವ ಪ್ರಯತ್ನವೂ ಕೆಟ್ಟಿತು. ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಬರೆದಿದ್ದರು, ಕಾಗುಣಿತದ ತಪ್ಪಿನ ಸಮೇತ. ಈಗ ಕೇಳುವುದು ಒಂದನ್ನೇ: ಬರುವ ವಾರ ನಿಮ್ಮ ತರಗತಿಯಲ್ಲಿ ಏನನ್ನು ಬೇರೆ ಮಾಡುತ್ತೀರಿ? ಎರಡು ತಿಂಗಳ ಮೇಲೆ ಹೋಗಿ ನೋಡುತ್ತೇನೆ. ಮೊದಲ 12 ಜನರಲ್ಲಿ ಐವರು ಏನನ್ನೂ ಬದಲಿಸಿರಲಿಲ್ಲ. ಅವರಲ್ಲಿ ಒಬ್ಬರು ಅದನ್ನು ಹೆಮ್ಮೆಯಿಂದಲೇ ಹೇಳಿದರು.

ಕೃಷಿ ಕಾಲೇಜಿರುವ ಮಂಡ್ಯದ ವಿ.ಸಿ. ಫಾರಂ ಮಾತ್ರ ನನ್ನ ವೇಳಾಪಟ್ಟಿಗೆ ಇನ್ನೂ ಬಗ್ಗಿಲ್ಲ. ಹೋದ ಸಲ ಇಂಗ್ಲಿಷ್ ವಿಭಾಗದವರು ಪ್ಯಾಂಟು ಮಡಿಸಿ ಗದ್ದೆಗಿಳಿದು, ಭತ್ತದ ಒಂದು ಬುಡಕ್ಕೆ ಎಷ್ಟು ತೆಂಡೆ, ಅಂದರೆ ಬುಡದಿಂದ ಒಡೆದ ಕವಲು, ಎಂದು ಕೃಷಿ ವಿದ್ಯಾರ್ಥಿಗಳ ಜೊತೆ ಎಣಿಸಿದರು. ಐವರಿಂದ ಐದು ಲೆಕ್ಕ ಬಂತು. ಅಲ್ಲಿನ ಮೇಷ್ಟರು ಸರಿಯುತ್ತರ ಹೇಳದೆ, ಬುಡ ಬಿಡಿಸಿ ಮತ್ತೆ ಎಣಿಸಿ ಎಂದು ಬದುವಿನ ಮೇಲೆ ಕುಳಿತುಬಿಟ್ಟರು. ಈ ಸಲ ನಾಟಿಯ ದಿನವೇ ಹೋಗಬೇಕೆಂದು ನಮ್ಮವರ ಹಟ. ದಿನಾಂಕ ಕೊಡಿ ಎಂದು ಫಾರಂಗೆ ಫೋನ್ ಮಾಡಿದರೆ, ‘ಕೆಆರ್‌ಎಸ್‌ನಿಂದ ನಾಲೆಗೆ ನೀರು ಬಿಡಲಿ ಮೇಡಂ, ಆಮೇಲೆ ಹೇಳುತ್ತೇನೆ’ ಎಂದರು. ದಿನಾ ಬೆಳಿಗ್ಗೆ ಪತ್ರಿಕೆ ತೆಗೆದರೆ ಈಗ ನಾನು ಮೊದಲು ನೋಡುವುದು ಜಲಾಶಯದ ಮಟ್ಟವನ್ನು.