ಚಳಿಗೆ ಯಾವ ಹೀಟರ್? ಮೊದಲು ಕೋಣೆ ನೋಡಿ

ಯಾವ ಬಗೆಯ ರೂಮ್ ಹೀಟರ್ ಕರೆಂಟ್ ಉಳಿಸುತ್ತದೆ ಎಂದು ಹುಡುಕಬೇಡಿ. 1000 ವ್ಯಾಟ್ ಹೀಟರ್ ಅಗ್ಗದ್ದಾಗಲಿ ದುಬಾರಿಯದ್ದಾಗಲಿ, ಗಂಟೆಗೆ ಒಂದು ಯೂನಿಟ್ ಎಳೆಯುತ್ತದೆ, ಅಷ್ಟೇ ಬಿಸಿ ಕೊಡುತ್ತದೆ. ವ್ಯತ್ಯಾಸವಿರುವುದು ಆ ಬಿಸಿ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ: ನೇರವಾಗಿ ಮೈಗೋ, ಕೋಣೆಯ ಗಾಳಿಗೋ.

ಮಡಿಕೇರಿ, ಸಕಲೇಶಪುರ ಕಡೆಯ ಹಂಚಿನ ಮನೆಯನ್ನೇ ತೆಗೆದುಕೊಳ್ಳಿ. ಮುಚ್ಚಿಗೆಯಿಲ್ಲದ ಮಾಡಿನಲ್ಲಿ ಬಿಸಿ ಗಾಳಿ ಮೇಲೇರಿ ಹಂಚಿನ ಸಂದಿಯಿಂದ ಹೊರಟುಹೋಗುತ್ತದೆ. ಇಲ್ಲಿ ಗಾಳಿ ಕಾಯಿಸುವ ಫ್ಯಾನ್ ಹೀಟರ್, ಆಯಿಲ್ ಹೀಟರ್ ಎರಡೂ ದಂಡ. ರಾಡ್ ಕೆಂಪಗಾಗುವ ಕ್ವಾರ್ಟ್ಜ್ ಅಥವಾ ಹ್ಯಾಲೊಜೆನ್ ಹೀಟರ್ ಬೇಕು. ಅದರ ಶಾಖ ಗಾಳಿಯನ್ನು ಕಾಯಿಸದೆ ನೇರವಾಗಿ ಎದುರಿಗೆ ಕೂತವರಿಗೆ ತಟ್ಟುತ್ತದೆ. ಒಬ್ಬರು ಕೂತು ಓದಲು 400ರಿಂದ 800 ವ್ಯಾಟ್ ಸಾಕು. ಜಗಲಿ, ದೊಡ್ಡ ಹಾಲ್‌ಗಳಿಗೂ ಇದೇ ಸರಿ.

ಬಾಗಿಲು ಕಿಟಕಿ ಗಟ್ಟಿಯಾಗಿ ಮುಚ್ಚುವ ಆರ್‌ಸಿಸಿ ಮಲಗುವ ಕೋಣೆಗೆ ಆಯಿಲ್ ಹೀಟರ್ ಒಳ್ಳೆಯದು. ಬಿಸಿಯಾಗಲು ಅರ್ಧ ಗಂಟೆಯಾದರೂ ಬೇಕು, ಆಮೇಲೆ ಸದ್ದಿಲ್ಲ, ಬೆಳಕಿಲ್ಲ. ಥರ್ಮೋಸ್ಟಾಟ್ ತಾನಾಗಿಯೇ ಆನ್, ಆಫ್ ಮಾಡುತ್ತದೆ. ಮಕ್ಕಳು, ವಯಸ್ಸಾದವರು ಮಲಗುವ ಕಡೆ ನಮ್ಮ ಆಯ್ಕೆ ಇದೇ. ಕೆಂಪು ರಾಡ್ ಇಲ್ಲವೆಂದು ಮೈಮರೆಯುವ ಹಾಗಿಲ್ಲ, ಮುಟ್ಟಿದರೆ ಇದೂ ಸುಡುತ್ತದೆ. ಒಳಗಿನ ಎಣ್ಣೆ ಖರ್ಚಾಗುವುದಿಲ್ಲ, ತುಂಬಿಸಬೇಕಿಲ್ಲ. 9 ಫಿನ್, 11 ಫಿನ್ (ಸಾಲಾಗಿ ನಿಂತ ಲೋಹದ ಪಟ್ಟಿಗಳು) ಎಂಬ ಲೆಕ್ಕಕ್ಕೆ ಮರುಳಾಗಬೇಡಿ, ಬಿಸಿ ತೀರ್ಮಾನಿಸುವುದು ವ್ಯಾಟ್. ಫಿನ್ ಹೆಚ್ಚಾದರೆ ಅದೇ ವ್ಯಾಟ್‌ಗೆ ಹೀಟರ್‌ನ ಹೊರಮೈ ಸ್ವಲ್ಪ ಕಡಿಮೆ ಸುಡುತ್ತದೆ, ಅಷ್ಟೇ. ಫ್ಯಾನ್ ಹೀಟರ್ ಚಿಕ್ಕ ಕೋಣೆಯನ್ನು ಬೇಗ ಬೆಚ್ಚಗಾಗಿಸುತ್ತದೆ, ಆದರೆ ಸದ್ದು ಮಾಡುತ್ತದೆ. ಹತ್ತಿಪ್ಪತ್ತು ನಿಮಿಷದ ಕೆಲಸಕ್ಕೆ ಅದು ಸರಿ.

ಗಾಳಿ ಕಾಯಿಸುವ ಹೀಟರ್‌ಗೆ ವ್ಯಾಟ್ ಲೆಕ್ಕ ಹೀಗೆ: ಮಾಮೂಲಿ ಎತ್ತರದ ಕೋಣೆಗೆ ಚದರಡಿಗೆ ಸುಮಾರು 10 ವ್ಯಾಟ್. 10×12 ಅಡಿ ಕೋಣೆಗೆ 1200 ವ್ಯಾಟ್. ಬೆಂಗಳೂರಿನ ಚಳಿಗೆ 1000 ಸಾಕಾಗುವುದೂ ಉಂಟು. ಬೀದರ್‌ನಂಥ ಕಡೆ, ಅಥವಾ ಎರಡು ಗೋಡೆ ಹೊರಕ್ಕಿದ್ದರೆ, 1500ಕ್ಕೆ ಹೋಗಿ. ಮಲೆನಾಡಿನಲ್ಲಿ ವೋಲ್ಟೇಜನ್ನೂ ನೋಡಿಕೊಳ್ಳಬೇಕು. 230 ವೋಲ್ಟ್ ಇರಬೇಕಾದಲ್ಲಿ 180 ಬಂದರೆ ಕಾಯಿಲ್ ಇರುವ 2000 ವ್ಯಾಟ್ ಹೀಟರ್ ಕೊಡುವುದು ಸುಮಾರು 1225 ವ್ಯಾಟ್ ಮಾತ್ರ. ಹೀಟರ್ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತೊಯ್ಯುವ ಮೊದಲು ವೋಲ್ಟೇಜ್ ನೋಡಿಸಿ.

ಹೀಟರ್‌ನಿಂದ ಆಗುವ ಅನಾಹುತ ಬಹಳ ಸಲ ಶುರುವಾಗುವುದು ಪ್ಲಗ್‌ನಲ್ಲಿ. 2000 ವ್ಯಾಟ್ ಎಂದರೆ 230 ವೋಲ್ಟ್‌ಗೆ 8.7 ಆಂಪಿಯರ್. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಸಾಕೆಟ್ಟಿನ ಮಿತಿ 6. ದಪ್ಪ ಪಿನ್ನಿನ ಪ್ಲಗ್ಗನ್ನು ಕನ್ವರ್ಟರ್ ಹಾಕಿ ಅದಕ್ಕೆ ತುರುಕಿದರೆ ಒಳಗಿನ ಹಿತ್ತಾಳೆ ಕಾದು ಸಡಿಲಾಗುತ್ತದೆ, ಸಡಿಲಾದಷ್ಟೂ ಇನ್ನಷ್ಟು ಕಾಯುತ್ತದೆ, ಕೊನೆಗೆ ಪ್ಲಾಸ್ಟಿಕ್ ಕರಗುತ್ತದೆ. 16 ಆಂಪಿಯರ್ ಪವರ್ ಪ್ಲಗ್ ಪಾಯಿಂಟ್, ಅದಕ್ಕೆ ಕನಿಷ್ಠ 2.5 ಚದರ ಮಿಲಿಮೀಟರ್ ತಾಮ್ರದ ವೈರ್, ಸರಿಯಾದ ಅರ್ಥಿಂಗ್ ಇರಲೇಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಹಚ್ಚಿ ಇಪ್ಪತ್ತು ನಿಮಿಷವಾದ ಮೇಲೆ ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ: ಉಗುರುಬೆಚ್ಚಗಿದ್ದರೆ ತೊಂದರೆಯಿಲ್ಲ. ಕೈ ಇಡಲಾಗದಿದ್ದರೆ, ಇಲ್ಲವೇ ಪಿನ್ನಿನ ಸುತ್ತ ಕಂದು ಕಲೆ ಬಂದಿದ್ದರೆ, ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ ಬದಲಿಸಿ.

ಕೊಳ್ಳುವಾಗ ಐಎಸ್‌ಐ ಮುದ್ರೆ, ಉರುಳಿದರೆ ತಾನೇ ಆಫ್ ಆಗುವ ಸ್ವಿಚ್, ಅತಿಯಾಗಿ ಕಾದರೆ ಕಡಿಯುವ ಕಟ್-ಔಟ್, ಈ ಮೂರನ್ನು ಕೇಳಿ. ಪರದೆ, ಹಾಸಿಗೆಯಿಂದ ಮೂರು ಅಡಿ ದೂರವಿಡಿ. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಹೀಟರ್ ಮೇಲೆಯೇ ಹರವುವ ಅಭ್ಯಾಸ ಬೆಂಕಿಗೆ ದಾರಿ. ಬಟ್ಟೆ ಸ್ಟ್ಯಾಂಡನ್ನೂ ಮೂರಡಿ ಆಚೆ ಇಡಿ. ಬಚ್ಚಲುಮನೆಯೊಳಗೆ ಮಾಮೂಲಿ ಹೀಟರ್ ಒಯ್ಯಲೇಬೇಡಿ.

ಹೀಟರ್ ಆಮ್ಲಜನಕ ಸುಡುತ್ತದೆಂಬ ಭಯ ಬೇಡ, ಕರೆಂಟಿನ ಹೀಟರ್‌ನಲ್ಲಿ ಏನೂ ಉರಿಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಜೀವ ತೆಗೆಯುವುದು ಕೆಂಡದ ಅಗ್ಗಿಷ್ಟಿಕೆ, ಅದರ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಬಿಲ್ಲಿನ ಲೆಕ್ಕವನ್ನೂ ಮೊದಲೇ ಹಾಕಿ. 1000 ವ್ಯಾಟ್ ದಿನಕ್ಕೆ ನಾಲ್ಕು ಗಂಟೆ ಉರಿದರೆ ತಿಂಗಳಿಗೆ 120 ಯೂನಿಟ್. ಗೃಹಜ್ಯೋತಿಯಲ್ಲಿರುವ ಮನೆ ಇದರಿಂದ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ದಿನವಿಡೀ ಬಿಸಿ ಬೇಕಾದವರು ಬಿಸಿ ಗಾಳಿಯನ್ನೂ ಕೊಡುವ ಇನ್ವರ್ಟರ್ ಎಸಿ ನೋಡಿ. ಅದು ಹೊರಗಿನ ಶಾಖವನ್ನು ಒಳಗೆಳೆಯುವುದರಿಂದ ಒಂದು ಯೂನಿಟ್‌ಗೆ ಸುಮಾರು ಮೂರು ಯೂನಿಟ್‌ನಷ್ಟು ಬಿಸಿ ಸಿಗುತ್ತದೆ.